ಸಹಾಯ ಬೇಕು: ಬೋಗನ್‌ವಿಲ್ಲಾದಲ್ಲಿ ಎಲೆಯೋ ಎಲೆ, ಹೂವೇ ಇಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ 14 ಇಂಚಿನ ಕುಂಡದಲ್ಲಿ ಬೋಗನ್‌ವಿಲ್ಲಾ, ಅಂದರೆ ನಮ್ಮ ಕಾಗದದ ಹೂವಿನ ಗಿಡ ಇದೆ. ನರ್ಸರಿಯಿಂದ ತಂದಾಗ ಮೈತುಂಬಾ ರಾಣಿ ಬಣ್ಣ. ಆ ಬಣ್ಣದ್ದು ಹೂವಲ್ಲ, ಹೂವನ್ನು ಸುತ್ತಿದ ಎಲೆ, ನಿಜವಾದ ಹೂವು ನಡುವಿನ ಪುಟ್ಟ ಬಿಳಿ ಕೊಳವೆ ಎಂದು ಆಮೇಲೆ ತಿಳಿಯಿತು. ಈಗ ಎರಡೂ ಇಲ್ಲ! ಎರಡು ವರ್ಷದಿಂದ ಬರೀ ಹಸಿರು ಮತ್ತು ಮುಳ್ಳು.

ಬಿಸಿಲಿಗೆ ಕೊರತೆಯಿಲ್ಲ, ಸಂಜೆ 4ರವರೆಗೂ ಬೀಳುತ್ತದೆ. ಮೊದಲ ವರ್ಷ ಪ್ರೀತಿ ಹೆಚ್ಚಾಗಿ ದಿನವೂ ನೀರು, ಮೇಲೆ ಯೂರಿಯಾ. ಯೂರಿಯಾದಲ್ಲಿರುವ ಸಾರಜನಕ ಹೆಚ್ಚಾದರೆ ಎಲೆಯೇ ಬರುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ನಿಲ್ಲಿಸಿ ಪೊಟ್ಯಾಷ್ ಗೊಬ್ಬರ ಕೊಟ್ಟೆ. ಗಿಡವನ್ನು ಸ್ವಲ್ಪ ಒಣಗಲು ಬಿಟ್ಟರೆ ಹೂ ಬರುತ್ತದೆ ಎಂದು ಕೇಳಿ ಜನವರಿಯಲ್ಲಿ ನೀರು ಕಡಿಮೆ ಮಾಡಿದೆ. ಎಲೆ ಜೋತುಬಿದ್ದದ್ದನ್ನು ನೋಡಲಾಗದೆ ಮರುದಿನವೇ ಒಂದು ಬಿಂದಿಗೆ ಸುರಿದುಬಿಟ್ಟೆ. ಮತ್ತೆ ಎಲೆಯೇ ಚಿಗುರಿತು.

ಹೊಸ ಚಿಗುರಿನಲ್ಲೇ ಹೂ ಬರುವುದರಿಂದ ಕೊಂಬೆ ಸವರಬೇಕು ಎನ್ನುತ್ತಾರೆ. ನನ್ನ ಗೊಂದಲ ಇಲ್ಲೇ ಇದೆ. ನೀರು ನಿಲ್ಲಿಸಿದಾಗ ಎಲೆ ಬಾಡಿದ ಕೂಡಲೇ ಸ್ವಲ್ಪ ಕೊಡಬೇಕೇ, ಅಥವಾ ಉದುರುವ ತನಕ ಕಾಯಬೇಕೇ? ಕೊಂಬೆ ಸವರುವುದು ಅದಕ್ಕಿಂತ ಮೊದಲೋ, ನಂತರವೋ? ಕುಂಡದಲ್ಲಿ ಬೆಳೆಸಿ ಹೂ ಕಂಡವರು ದಯವಿಟ್ಟು ತಿಳಿಸಿ.