‘ಲಾಗ್ ಇನ್’ನಲ್ಲಿರುವ ಲಾಗ್ ಯಾವುದು?

ಪ್ರಶ್ನೆ: ಹೈಸ್ಕೂಲಿನಲ್ಲಿ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಇನ್, ಔಟ್, ಅಪ್‌ನಂಥ ಪದ ಸೇರಿದ ಜೋಡಿ) ಪಾಠ ನಡೀತಿದೆ. ‘ಲಾಗ್ ಇನ್’ ಬಂದಾಗ ಮಕ್ಕಳು ಇದು ಗಣಿತದ ಲಾಗ್ ಟೇಬಲ್ಲಿನ ಲಾಗಾ ಅಂತ ಕೇಳಿದರು. ನಿಘಂಟಿನಲ್ಲಿ ‘ಮರದ ದಿಮ್ಮಿ’ ಅಂತಿದೆ. ಎರಡೂ ಕಂಪ್ಯೂಟರಿಗೆ ಹೊಂದುತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಉತ್ತರ: ಮೇಡಂ, ದಿಮ್ಮಿಯೇ ಸರಿ. ಗಣಿತದ ಲಾಗ್ ಬೇರೆ ಮನೆತನದ್ದು. ಜಾನ್ ನೇಪಿಯರ್ 1614ರಲ್ಲಿ ಬಳಕೆಗೆ ತಂದ ‘ಲಾಗರಿದಮ್’ ಎಂಬ ಪದದ ಮೊಟಕು ರೂಪ ಅದು; ಮೂಲ ಗ್ರೀಕ್. ನಿಮ್ಮ ಲಾಗ್ ಬಂದದ್ದು ಇಂಗ್ಲಿಷರ ಹಾಯಿಹಡಗಿನಿಂದ.

ನಡುಸಮುದ್ರದಲ್ಲಿ ವೇಗ ಅಳೆಯಲು ಹಡಗಿನ ಹಿಂಬದಿಯಿಂದ ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆಯುತ್ತಿದ್ದರು. ಅದೇ ಲಾಗ್. 1574ರಲ್ಲಿ ವಿಲಿಯಂ ಬೋರ್ನ್ ಬರೆದ ನೌಕಾಯಾನದ ಕೈಪಿಡಿಯಲ್ಲಿ ಇದರ ವಿವರಣೆ ಸಿಗುತ್ತದೆ. ಮುಂದೆ ಅದು ಕಾಲು ವೃತ್ತದಾಕಾರದ ಹಲಗೆಯಾಯಿತು. ಬಾಗಿದ ಅಂಚಿಗೆ ಸೀಸ ಜಡಿದಿದ್ದರಿಂದ ನೀರಿನಲ್ಲಿ ನೆಟ್ಟಗೆ ನಿಂತು, ಎಸೆದ ಜಾಗದಲ್ಲೇ ಹೆಚ್ಚುಕಡಿಮೆ ತಡೆದು ನಿಲ್ಲುತ್ತಿತ್ತು. ಹಡಗು ಮುಂದೆ ಹೋದಂತೆ ರಾಟೆಯಿಂದ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು. ಪಕ್ಕದವನ ಕೈಯಲ್ಲಿ 28 ಸೆಕೆಂಡಿನ ಮರಳು ಗಡಿಯಾರ. ಮರಳು ಮುಗಿಯುವಷ್ಟರಲ್ಲಿ ಕೈದಾಟಿದ ಗಂಟುಗಳೆಷ್ಟೋ, ಗಂಟೆಗೆ ಅಷ್ಟು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಯ 6,080 ಅಡಿಯನ್ನು ಗಂಟೆಯ 3,600 ಸೆಕೆಂಡಿನಿಂದ ಭಾಗಿಸಿ 28ರಿಂದ ಗುಣಿಸಿದರೆ ಸುಮಾರು 47.3 ಅಡಿ ಬರುತ್ತದೆ, ಮಕ್ಕಳ ಕೈಲೇ ಮಾಡಿಸಿ. ‘ನಾಟ್’ (ಗಂಟು) ಎಂಬ ಅಳತೆ ಹುಟ್ಟಿದ್ದೂ ಇಲ್ಲೇ. ಅದು ತಾನೇ ವೇಗವಾದ್ದರಿಂದ ‘ಗಂಟೆಗೆ 8 ನಾಟ್’ ಎನ್ನುವುದು ತಪ್ಪು.

ಲೆಕ್ಕ ತಪ್ಪುವುದೂ ಇತ್ತು. ನೆನೆದು ಒಣಗುವ ಹಗ್ಗದ ಉದ್ದ ಬದಲಾಗುತ್ತಿತ್ತು, ತೇವ ಹಿಡಿದ ಮರಳು ನಿಧಾನ ಇಳಿಯುತ್ತಿತ್ತು. ಅದಕ್ಕೇ ಹಗ್ಗವನ್ನೂ ಗಡಿಯಾರವನ್ನೂ ಆಗಾಗ ತಾಳೆ ನೋಡಬೇಕಿತ್ತು.

ಹೀಗೆ ಸಿಕ್ಕ ಅಂಕಿಯನ್ನು ಮೊದಲು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಆಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಅದು ಲಾಗ್ ಬುಕ್. ಬರಬರುತ್ತಾ ‘ಬುಕ್’ ಉದುರಿ, ದಾಖಲೆಗೇ ಲಾಗ್ ಎಂಬ ಹೆಸರು ಉಳಿಯಿತು. ದಾಖಲಿಸುವ ಕೆಲಸಕ್ಕೂ ಅದೇ ಕ್ರಿಯಾಪದ. ವ್ಯಾಪಾರಿ ಹಡಗುಗಳಲ್ಲಿ ನಾವಿಕನನ್ನು ‘ಲಾಗ್’ ಮಾಡುವುದೆಂದರೆ ಅವನ ತಪ್ಪನ್ನು ಪುಸ್ತಕದಲ್ಲಿ ಬರೆದು ದಂಡ ಹಾಕುವುದು. ಮರದ ತುಂಡು ಅರ್ಥದಿಂದ ಪೂರ್ತಿ ಕಳಚಿಬಿದ್ದದ್ದು ಇಲ್ಲಿ ಎನ್ನಬಹುದು.

ಇನ್ನೊಬ್ಬರ ಪ್ರಶ್ನೆ: ಸರ್, ಹಾಗಾದರೆ ‘ಇನ್’ ಯಾಕೆ? ಕಂಪ್ಯೂಟರಿನ ಒಳಗೆ ಹೋಗುವುದು ಅಂತಲೇ?

ಉತ್ತರ: ಈಗ ಹಾಗೆ ಕೇಳಿಸುತ್ತದೆ. ಆದರೆ ಕಾರ್ಖಾನೆಯ ‘ಕ್ಲಾಕ್ ಇನ್’ ಕಂಪ್ಯೂಟರಿಗಿಂತ ಹಳೆಯದು. ಅಲ್ಲಿ ‘ಇನ್’ ಎಂದರೆ ಹಾಜರಿ ಬಿತ್ತು, ‘ಔಟ್’ ಎಂದರೆ ಹೊರಟರು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ 1961ರಲ್ಲಿ ತೋರಿಸಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕ ಇಡಲೇಬೇಕು. ಬಂದಾಗ ಹೆಸರು ದಾಖಲು, ಹೋಗುವಾಗ ಮತ್ತೆ ದಾಖಲು: ಹಡಗಿನ ಪುಸ್ತಕವೂ ಕಾರ್ಖಾನೆಯ ಹಾಜರಿಯೂ ಒಂದೇ ಆಜ್ಞೆಯಲ್ಲಿ ಕೂಡಿದಂತಾಯಿತು.

1969ರ ಅಕ್ಟೋಬರ್ 29ರಂದು ಇಂಟರ್ನೆಟ್ಟಿನ ಮೂಲಜಾಲವಾದ ಅರ್ಪಾನೆಟ್‌ನಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ಕಳಿಸಲು ಹೊರಟ ಮೊದಲ ಪದವೂ ‘ಲಾಗಿನ್’. ಎಲ್, ಓ ಎರಡಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ಸುಮಾರು ಒಂದು ಗಂಟೆಯ ನಂತರ ಪೂರ್ತಿ ಲಾಗ್ ಇನ್ ಆಯಿತು.

ಅಂದಹಾಗೆ 1997ರ ‘ವೆಬ್‌ಲಾಗ್’ ಒಡೆದು ಬಂದ ‘ಬ್ಲಾಗ್’ ಕೂಡ ಇದೇ ದಿಮ್ಮಿಯ ಚಕ್ಕೆ.

ಮತ್ತೆ ಮೊದಲಿನವರು: ಧನ್ಯವಾದ ಸರ್. ಮಕ್ಕಳು ಬರೆಯುವಾಗ ‘ಲಾಗಿನ್ಡ್’ ಅಂತ ಭೂತಕಾಲ ಮಾಡುತ್ತಾರೆ. ತಿದ್ದುವುದು ಹೇಗೆ?

ಉತ್ತರ: ತಪ್ಪಿನ ಬೇರು ನಮ್ಮ ಕನ್ನಡದ ರೂಢಿಯಲ್ಲಿದೆ. ನಾವು ‘ಲಾಗಿನ್ ಆಗು’, ‘ಲಾಗಿನ್ ಮಾಡು’ ಎನ್ನುತ್ತೇವೆ. ಕ್ರಿಯೆಯ ಭಾರವನ್ನು ಆಗು, ಮಾಡು ಹೊತ್ತುಕೊಳ್ಳುವುದರಿಂದ ‘ಲಾಗಿನ್’ ಒಂದೇ ನಾಮಪದವಾಗಿ ಗಟ್ಟಿಯಾಗಿದೆ. ಕನ್ನಡದಲ್ಲಿ ಅದು ಸರಿಯೇ. ಇಂಗ್ಲಿಷ್ ಬರೆಯುವಾಗ ಮಾತ್ರ ಕೀಲು ಬಿಡಿಸಬೇಕು. ಕ್ರಿಯಾಪದ ಎರಡು ತುಂಡು; ಕಾಲಸೂಚಕ ಮೊದಲ ತುಂಡಿಗೆ ಹತ್ತುತ್ತದೆ: ಲಾಗ್ಡ್ ಇನ್, ಲಾಗಿಂಗ್ ಇನ್. ನಾಮಪದ ಮಾತ್ರ ಒಂದೇ ತುಂಡು: ಲಾಗಿನ್ ಪೇಜ್. ಉಚ್ಚಾರದ ಒತ್ತೂ ಬೇರೆ. ನಾಮಪದದಲ್ಲಿ ‘ಲಾ’ ಮೇಲೆ, ಕ್ರಿಯಾಪದದಲ್ಲಿ ಸಾಮಾನ್ಯವಾಗಿ ‘ಇನ್’ ಮೇಲೆ.

ಸುಲಭ ಪರೀಕ್ಷೆ ಒಂದಿದೆ. ವಾಕ್ಯವನ್ನು ನಿನ್ನೆಗೆ ತಿರುಗಿಸಿ ನೋಡಲು ಹೇಳಿ. ಮೊದಲ ತುಂಡು ಬದಲಾಗಬೇಕಾಗಿ ಬಂದರೆ ಬಿಡಿಸಿ ಬರೆಯಬೇಕು. ಏನೂ ಬದಲಾಗದಿದ್ದರೆ ಕೂಡಿಸಿ. ‘ಸೆಟಪ್’, ‘ಬ್ಯಾಕಪ್’ ಎರಡಕ್ಕೂ ಈ ಪರೀಕ್ಷೆ ಹಾಕಿ. ಆದರೆ ‘ಸೆಟ್’ ಭೂತಕಾಲದಲ್ಲೂ ‘ಸೆಟ್’ ಆಗಿಯೇ ಇರುವುದರಿಂದ ಅಲ್ಲಿ ನಿನ್ನೆಯ ಬದಲು ‘ಈಗ ನಡೆಯುತ್ತಿದೆ’ ಎಂದು ತಿರುಗಿಸಬೇಕು: ‘ಸೆಟಿಂಗ್ ಅಪ್’.