ಸಹಾಯ ಬೇಕು: ನೆರೆಗೆ ಹಾಳಾದ ಹುಲ್ಲುಗಾವಲಿಗೆ ಸರ್ಕಾರದ ತುರ್ತು ನೆರವು

ಅಮೆರಿಕದಲ್ಲಿ ಬೇಸಾಯ ಮಾಡುತ್ತಿರುವ ಕನ್ನಡಿಗರಿಗೆ ನಮಸ್ಕಾರ. ನಾವಿರುವುದು ನಾರ್ತ್ ಕೆರೊಲಿನಾದ ಹೇವುಡ್ ಕೌಂಟಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಹೆಲೀನ್ ಚಂಡಮಾರುತಕ್ಕೆ ಪಿಜನ್ ನದಿ ಉಕ್ಕಿ, ನಮ್ಮ ಹುಲ್ಲುಗಾವಲಿನ ಮೇಲೆ ಮೊಣಕಾಲೆತ್ತರ ಮರಳು ಬಂದು ನಿಂತಿದೆ. ಬುಡಮೇಲಾದ ಮರಗಳು ಬೇಲಿಯ ತಂತಿಯನ್ನು ಸುತ್ತಿಕೊಂಡು ಬಿದ್ದಿವೆ. ಎಲ್ಲಿಂದ ಕತ್ತರಿಸಲು ಶುರು ಮಾಡಬೇಕೆಂದೇ ತೋಚುತ್ತಿಲ್ಲ.

ಅಮೆರಿಕದ ಕೃಷಿ ಇಲಾಖೆಯ ತುರ್ತು ಸಂರಕ್ಷಣಾ ಯೋಜನೆಯಲ್ಲಿ ಮರಳು, ಕಸ ತೆಗೆಯಲು, ನೆಲ ಸಮ ಮಾಡಲು, ಬೇಲಿ ಕಟ್ಟಲು ವೆಚ್ಚದ ಶೇ 75ರವರೆಗೆ ಸಿಗುತ್ತದೆ. ನಮ್ಮಂಥ ಹೊಸ ರೈತರಿಗೆ ಶೇ 90ರವರೆಗೆ. ಆದರೆ ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆ ಮುಗಿಯುವ ಮೊದಲೇ ಕೆಲಸಕ್ಕೆ ಕೈಹಾಕಿದರೆ ಹಣ ಕೈತಪ್ಪಬಹುದು. ದನಗಳು ಅಷ್ಟು ದಿನ ಕಾಯುತ್ತವೆಯೇ? ಪಕ್ಕದಲ್ಲೇ ಹೆದ್ದಾರಿ, ಬೇಲಿಯಿಲ್ಲದೆ ಅವು ಅಲ್ಲಿಗೆ ನುಗ್ಗಿಬಿಟ್ಟಾವೆಂಬ ಭಯಕ್ಕೆ ರಾತ್ರಿ ನಿದ್ದೆ ಬರುತ್ತಿಲ್ಲ.

ಈ ನೆರವು ಪಡೆದವರಿದ್ದರೆ ದಯವಿಟ್ಟು ತಿಳಿಸಿ. ತಾತ್ಕಾಲಿಕ ವಿದ್ಯುತ್ ಬೇಲಿ ಹಾಕಿಕೊಂಡಿದ್ದರಿಂದ ನಿಮ್ಮ ಅರ್ಜಿಗೆ ತೊಡಕಾಯಿತೇ? ಬೇಲಿಗೆ ಶೇ 25ರವರೆಗೆ ಮುಂಗಡ ಪಡೆಯುವ ಅವಕಾಶವಿದೆ. ಅದು ಕೈಸೇರಲು ಎಷ್ಟು ಕಾಲ ಹಿಡಿಯಿತು? ನಮ್ಮದೇ ದುಡಿಮೆ, ನಮ್ಮದೇ ಟ್ರ್ಯಾಕ್ಟರ್ ಬಳಸಿದರೆ ಯಾವ ಲೆಕ್ಕಪತ್ರ ಇಡಬೇಕು? ಜಮೀನಿನ ಅರ್ಧ ಭಾಗ ಗೇಣಿಯದು, ಅದಕ್ಕೆ ಮಾಲೀಕರ ಸಹಿ ಕೇಳಿದರೇ? ನಿಮಗೆ ಗೊತ್ತಿರುವಷ್ಟನ್ನು ಇಲ್ಲಿಯೇ ಬರೆಯಿರಿ, ಇದೇ ನದಿಯ ದಂಡೆಯ ಇತರ ರೈತರಿಗೂ ತಲುಪಿಸುತ್ತೇನೆ.