ಹ್ಯಾಲೊವೀನ್ ಸಂಜೆ ಮಕ್ಕಳನ್ನು ಕಳಿಸಬಹುದಾ? ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31 ಹತ್ತಿರ ಬಂತು. ಟ್ರಿಕ್ ಆರ್ ಟ್ರೀಟ್, ಅಂದರೆ ಹ್ಯಾಲೊವೀನ್ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವುದರ ಬಗ್ಗೆ ಗುಂಪಿನಲ್ಲಿ ದಿನಾ ಪ್ರಶ್ನೆ ಬರುತ್ತಿವೆ. ನಮ್ಮ ಗುಂಪಿನಲ್ಲೇ ಇರುವ, ಅಮೆರಿಕದಲ್ಲಿ ಮಕ್ಕಳ ಡಾಕ್ಟರ್ ಆಗಿರುವ ಮೇಡಂ ಇವತ್ತು ಉತ್ತರ ಕೊಡುತ್ತಾರೆ.

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ತಾಯಿ): ಮೇಡಂ, ನಾವು ಈ ವರ್ಷವಷ್ಟೇ ಬೆಂಗಳೂರಿನಿಂದ ಬಂದಿದ್ದೇವೆ. ಮಗಳಿಗೆ ಆರು ವರ್ಷ. ಕ್ಲಾಸಿನ ಮಕ್ಕಳೆಲ್ಲ ಹೋಗುತ್ತಾರೆ, ನಾನೂ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ಆದರೆ ಕ್ಯಾಂಡಿಯಲ್ಲಿ ವಿಷ, ಬ್ಲೇಡು ಇಟ್ಟು ಕೊಡುತ್ತಾರೆ ಅಂತ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಿದೆ. ಅತ್ತೆಯವರು ಕಳಿಸಲೇಬೇಡಿ ಅನ್ನುತ್ತಿದ್ದಾರೆ.

ಡಾಕ್ಟರ್: ಕಳಿಸಿ. ನೀವೂ ಜೊತೆಗೆ ಹೋಗಿ.

ಈ ವಿಷದ ಕತೆ ಇಲ್ಲಿ ತುಂಬಾ ಹಳೆಯದು. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚೆಗಿನ ಇಂಥ ವರದಿಗಳನ್ನೆಲ್ಲ ಹುಡುಕಿ ನೋಡಿದ್ದಾರೆ. ಯಾರೋ ಅಪರಿಚಿತರು ಹಂಚಿದ ಕ್ಯಾಂಡಿಯಲ್ಲಿ ಬೇಕೆಂದೇ ವಿಷ ಬೆರೆಸಿ, ಅದನ್ನು ತಿಂದು ಮಗು ಸತ್ತಿದ್ದು ಒಂದೂ ಸಿಕ್ಕಿಲ್ಲ. ಎಲ್ಲರೂ ಹೇಳುವ ಒಂದು ಘಟನೆ 1974ರಲ್ಲಿ ಟೆಕ್ಸಾಸ್‌ನಲ್ಲಿ ನಡೆದಿದ್ದು. ಎಂಟು ವರ್ಷದ ಹುಡುಗ ಸಯನೈಡ್ ಬೆರೆಸಿದ ಕ್ಯಾಂಡಿ ತಿಂದು ಸತ್ತ. ಅದನ್ನು ಕೊಟ್ಟವನು ಅವನ ಸ್ವಂತ ಅಪ್ಪ. ವಿಮೆ ಹಣಕ್ಕಾಗಿ ಮಾಡಿದ ಕೊಲೆ ಅದು.

ಹಾಗಂತ ನೋಡದೇ ತಿನ್ನಿಸಿ ಅಂತ ನಾನು ಹೇಳುತ್ತಿಲ್ಲ. ಮನೆಗೆ ಬಂದ ಮೇಲೆ ಚೀಲ ಸುರಿದು, ಒಂದೊಂದನ್ನೂ ನೋಡಿ. ಕವರ್ ಹರಿದಿದ್ದರೆ, ಬಿಚ್ಚಿ ಮತ್ತೆ ಸುತ್ತಿದ ಹಾಗೆ ಕಂಡರೆ, ಬಿಸಾಡಿ. ಹೊರಡುವ ಮೊದಲು ಹೊಟ್ಟೆ ತುಂಬ ಊಟ ಮಾಡಿಸಿ. ಹಸಿವಿಲ್ಲದಿದ್ದರೆ ದಾರಿಯಲ್ಲೇ ಕ್ಯಾಂಡಿ ಬಿಚ್ಚುವ ಆತುರ ಕಡಿಮೆ.

ನನಗೆ ಆ ಸಂಜೆ ನಿಜವಾಗಿ ಭಯ ಆಗುವುದು ಕಾರುಗಳನ್ನು ನೋಡಿ. 1975ರಿಂದ 2016ರವರೆಗಿನ ಅಪಘಾತದ ಲೆಕ್ಕ ತೆಗೆದು ಮಾಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಹಿಂದಿನ ವಾರ ಮತ್ತು ಮುಂದಿನ ವಾರದ ಅದೇ ಸಂಜೆಗೆ ಹೋಲಿಸಿದರೆ, ಹ್ಯಾಲೊವೀನ್ ಸಂಜೆ ರಸ್ತೆಯಲ್ಲಿ ನಡೆಯುವವರು ವಾಹನ ಬಡಿದು ಸಾಯುವುದು ಶೇಕಡಾ 43ರಷ್ಟು ಜಾಸ್ತಿ. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಈ ಅಪಾಯ ಹತ್ತು ಪಟ್ಟು. ನಿಮ್ಮ ಮಗಳ ವಯಸ್ಸು ಅದರೊಳಗೇ ಬರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯಾಕೆ ಹೀಗಾಗುತ್ತದೆ ನೋಡಿ. ಆಫೀಸಿನಿಂದ ಜನ ಮನೆಗೆ ಮರಳುವ ಹೊತ್ತು, ಕತ್ತಲಾಗುವ ಹೊತ್ತು, ಮಕ್ಕಳು ಬೀದಿಗಿಳಿಯುವ ಹೊತ್ತು, ಮೂರೂ ಒಂದೇ. ಎದುರು ಮನೆಯಲ್ಲಿ ದೊಡ್ಡ ಚಾಕೊಲೇಟ್ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಮಗು ರಸ್ತೆ ನೋಡುವುದಿಲ್ಲ, ಓಡುತ್ತದೆ. ನಿಂತ ಎರಡು ಕಾರುಗಳ ನಡುವಿನಿಂದ ಹೊರಬಂದ ಮಗು ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ. ಆಮೇಲೆ ಮೂಲೆಯಲ್ಲಿ, ಕೈ ಹಿಡಿದು, ಒಮ್ಮೆ ಮಾತ್ರ ರಸ್ತೆ ದಾಟಿ. ಆಚೆ ಈಚೆ ಅಡ್ಡಾಡಬೇಡಿ. ಮನೆಯ ಮುಂದೆ ಕಾರು ಹಿಂದಕ್ಕೆ ತೆಗೆಯುವ ಜಾಗದಲ್ಲೂ ಹುಷಾರು.

ಬಾಗಿಲ ಮುಂದಿನ ಲೈಟ್ ಹಾಕಿರುವ ಮನೆಗೆ ಮಾತ್ರ ಹೋಗಿ. ಲೈಟ್ ಆರಿಸಿದ್ದರೆ ಅವರು ಕೊಡುತ್ತಿಲ್ಲ ಅಂತ ಅರ್ಥ. ಯಾರ ಮನೆಯ ಒಳಗೂ ಹೋಗುವುದು ಬೇಡ.

ಅದೇ ತಾಯಿ: ತುಂಬಾ ಥ್ಯಾಂಕ್ಸ್ ಮೇಡಂ. ಅವಳಿಗೆ ಕಪ್ಪು ಮಾಟಗಾತಿ ಡ್ರೆಸ್ ತಂದುಬಿಟ್ಟಿದ್ದೇವೆ. ಮುಖವಾಡವೂ ಇದೆ.

ಡಾಕ್ಟರ್: ಡ್ರೆಸ್ ಇರಲಿ. ಬೆಳಕು ಬಿದ್ದರೆ ಹೊಳೆಯುವ ಟೇಪ್ ಸಿಗುತ್ತದಲ್ಲ, ಅದನ್ನು ಬೆನ್ನಿಗೆ, ತೋಳಿಗೆ, ಚೀಲಕ್ಕೆ ಅಂಟಿಸಿ. ಅವಳ ಕೈಗೊಂದು ಟಾರ್ಚ್ ಕೊಡಿ. ಅಂಚು ನೆಲಕ್ಕೆ ಎಳೆಯುತ್ತಿದ್ದರೆ ಮಡಚಿ ಹೊಲಿಯಿರಿ. ಮುಖವಾಡ ಫೋಟೋಗೆ ಸಾಕು. ಅದನ್ನು ಹಾಕಿಕೊಂಡರೆ ಪಕ್ಕದಿಂದ ಬರುವ ಕಾರು ಕಾಣುವುದಿಲ್ಲ. ಮುಖಕ್ಕೆ ಬಣ್ಣ ಬಳಿಯಬಹುದು. ಎರಡು ದಿನ ಮೊದಲೇ ಕೈ ಮೇಲೆ ಸ್ವಲ್ಪ ಹಚ್ಚಿ, ಕೆಂಪಾಗುತ್ತದಾ ನೋಡಿಕೊಳ್ಳಿ.

ಪ್ರಶ್ನೆ (ಮೈಸೂರಿನಿಂದ ಮಗಳ ಮನೆಗೆ ಬಂದಿರುವ ಅಜ್ಜಿ): ಡಾಕ್ಟರಮ್ಮಾ, ಮೊಮ್ಮಗನಿಗೆ ಎರಡೂವರೆ ವರ್ಷ. ಹಲ್ಲೆಲ್ಲ ಬಂದಿದೆ, ಅನ್ನ ಚಪಾತಿ ಚೆನ್ನಾಗಿ ತಿಂತಾನೆ. ಇಲ್ಲಿ ಕೊಡೋ ಮಿಠಾಯಿ ಒಂದೆರಡು ಕೊಟ್ಟರೆ ಏನಾಗುತ್ತೆ? ಮಗಳು ಬೇಡವೇ ಬೇಡ ಅಂತಾಳೆ.

ಡಾಕ್ಟರ್: ಅಮ್ಮಾ, ಈ ವಿಷಯದಲ್ಲಿ ನಿಮ್ಮ ಮಗಳು ಹೇಳುವುದೇ ಸರಿ. ನಾಲ್ಕು ವರ್ಷ ತುಂಬುವವರೆಗೆ ಗಟ್ಟಿ ಮಿಠಾಯಿ, ಚೂಯಿಂಗ್ ಗಮ್, ಪಾಪ್‌ಕಾರ್ನ್, ಇಡೀ ಕಡಲೆಕಾಯಿ, ಬಾದಾಮಿ ಕೊಡಬಾರದು. ಅಂಟು ಅಂಟಾದ ಕ್ಯಾರಮೆಲ್, ಗಮ್ಮಿ, ಮಾರ್ಷ್‌ಮ್ಯಾಲೊ ಕೂಡ ಬೇಡ. ಹಲ್ಲು ಬಂದರೂ ಈ ವಯಸ್ಸಿನ ಮಗು ಚೆನ್ನಾಗಿ ಅರೆದು ನುಂಗುವುದನ್ನು ಇನ್ನೂ ಕಲಿಯುತ್ತಿರುತ್ತದೆ. ಶ್ವಾಸನಾಳವೂ ಸಣ್ಣದು. ಓಡುತ್ತಾ, ನಗುತ್ತಾ ಬಾಯಲ್ಲಿಟ್ಟುಕೊಂಡಿದ್ದು ಉಸಿರಿನ ದಾರಿಗೆ ಅಡ್ಡ ಕೂತರೆ ಕೆಲವೇ ನಿಮಿಷ ಸಮಯ ಇರುತ್ತದೆ. ಅವನಿಗೂ ಏನಾದರೂ ಕೊಡಬೇಕು ಅನ್ನಿಸಿದರೆ ಬಾಯಲ್ಲಿ ತಾನೇ ಕರಗುವ ಮೆತ್ತಗಿನ ಹಾಲಿನ ಚಾಕೊಲೇಟ್, ಒಳಗೆ ಬೀಜ ಇಲ್ಲದ್ದು, ಚಿಕ್ಕ ಚೂರು ಕೊಡಿ. ಕೂರಿಸಿಕೊಂಡು ಕೊಡಿ.

ಮನೆಯಲ್ಲಿ ಎಲ್ಲರೂ ಇದನ್ನು ತಿಳಿದಿರಬೇಕು. ಗಂಟಲಿಗೆ ಸಿಕ್ಕಿಕೊಂಡು ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದೇ ಒದ್ದಾಡುತ್ತಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ, ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೆ ಮತ್ತು ಮೇಲಕ್ಕೆ ಒತ್ತಿ. ಹೊರಬರುವವರೆಗೆ ಇವೆರಡನ್ನೂ ಒಂದರ ನಂತರ ಒಂದು ಮಾಡುತ್ತಿರಿ. ಮಗುವಿಗೆ ಎಚ್ಚರ ತಪ್ಪಿದರೆ ಮಲಗಿಸಿ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು. ಅಷ್ಟರಲ್ಲಿ ಇನ್ನೊಬ್ಬರು ಇಲ್ಲಿನ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಲಿ. ಕಣ್ಣಿಗೆ ಕಾಣದ ವಸ್ತುವನ್ನು ಬೆರಳು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ.

ಪ್ರಶ್ನೆ (ಟೆಕ್ಸಾಸ್‌ನಿಂದ ಒಬ್ಬ ತಂದೆ): ಮಗನಿಗೆ ಏಳು ವರ್ಷ, ಕಡಲೆಕಾಯಿ ಅಲರ್ಜಿ ಇದೆ. ಅಲರ್ಜಿ ಜೋರಾದಾಗ ಚುಚ್ಚುವ ಎಪಿಪೆನ್ ಇಂಜೆಕ್ಷನ್ ಇದೆ, ಇದುವರೆಗೆ ಬಳಸಿಲ್ಲ. ಹೋದ ವರ್ಷ ಮನೆಯಲ್ಲೇ ಕೂರಿಸಿದ್ದೆವು, ತುಂಬಾ ಅತ್ತ. ಈ ಸಲ ಏನು ಮಾಡೋಣ?

ಡಾಕ್ಟರ್: ಈ ಸಲ ಹೋಗಲಿ ಸರ್. ಅಲರ್ಜಿ ಇರುವ ಮಗುವಿಗೂ ಹಬ್ಬದ ಸಂತೋಷ ಸಿಗಬೇಕು. ನಿಯಮ ಒಂದೇ: ಮನೆಗೆ ಬರುವವರೆಗೆ ಒಂದೂ ಬಾಯಿಗೆ ಹಾಕುವಂತಿಲ್ಲ. ಎಪಿಪೆನ್ ನಿಮ್ಮ ಜೇಬಲ್ಲೇ ಇರಲಿ, ಕಾರಿನಲ್ಲಿ ಬಿಡಬೇಡಿ.

ಲೇಬಲ್ ಓದುವಾಗ ಒಂದು ತೊಡಕಿದೆ. ದೊಡ್ಡ ಪ್ಯಾಕೆಟ್ಟಿನಲ್ಲಿ ಬರುವ ಪುಟ್ಟ ಚಾಕೊಲೇಟುಗಳ ಮೇಲೆ ಎಷ್ಟೋ ಸಲ ಸಾಮಗ್ರಿಗಳ ಪಟ್ಟಿಯೇ ಇರುವುದಿಲ್ಲ. ಅದೇ ಹೆಸರಿನ ದೊಡ್ಡ ಬಾರ್ ಸರಿಹೋಗುತ್ತದೆ ಅಂತ ಪುಟ್ಟದನ್ನು ಕೊಡಬೇಡಿ. ಅಳತೆ ಬದಲಾದರೆ ತಯಾರಿಸುವ ಜಾಗ, ಹಾಕುವ ಸಾಮಗ್ರಿ ಕೂಡ ಬೇರೆಯಾಗಬಹುದು. ಪಟ್ಟಿ ಇಲ್ಲ ಅಂದರೆ ತಿನ್ನುವುದಿಲ್ಲ, ಅಷ್ಟೇ. ಹಾಗೆ ತೆಗೆದಿಟ್ಟದ್ದಕ್ಕೆ ಬದಲಾಗಿ ಅವನಿಗೆ ಇಷ್ಟವಾದ, ತಿನ್ನಬಹುದಾದ ಕ್ಯಾಂಡಿ ಅಥವಾ ಆಟಿಕೆ ಮೊದಲೇ ತಂದಿಟ್ಟುಕೊಂಡಿರಿ. ಗುಂಪಿನಲ್ಲಿ ಎಳ್ಳು ಅಲರ್ಜಿ ಇರುವ ಮಕ್ಕಳ ಪೋಷಕರಿಗೂ ಒಂದು ಮಾತು: 2023ರ ಜನವರಿಯಿಂದ ಅಮೆರಿಕದಲ್ಲಿ ಎಳ್ಳು ಕೂಡ ಲೇಬಲ್ಲಿನಲ್ಲಿ ತಿಳಿಸಲೇಬೇಕಾದ ಅಲರ್ಜಿ ಪಟ್ಟಿಗೆ ಸೇರಿದೆ.

ಕೆಲವು ಮನೆಗಳ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಟ್ಟಿರುತ್ತಾರೆ. ಅಂಥ ಮನೆಯಲ್ಲಿ ತಿಂಡಿಯಲ್ಲದ ಉಡುಗೊರೆಯೂ ಇದೆ ಅಂತ ಅರ್ಥ: ಸ್ಟಿಕ್ಕರ್, ಪೆನ್ಸಿಲ್, ಬಳೆ, ಹೀಗೆ. ಇದು ಟೆನೆಸಿಯಲ್ಲಿ ಶುರುವಾಯಿತು. 2014ರಿಂದ ಫೇರ್ ಎಂಬ ಆಹಾರ ಅಲರ್ಜಿ ಸಂಸ್ಥೆ ದೇಶದ ತುಂಬ ಹಬ್ಬಿಸಿತು. ನಮ್ಮ ಗುಂಪಿನವರೆಲ್ಲ ತಮ್ಮ ಮನೆ ಮುಂದೆ ಒಂದೊಂದು ಇಟ್ಟರೆ ನನಗೆ ತುಂಬಾ ಖುಷಿ.

ಏನೋ ತಿಂದು ತುಟಿ ಊದಿಕೊಂಡು, ಮೈಯೆಲ್ಲ ದದ್ದು ಎದ್ದು, ಜೊತೆಗೆ ವಾಂತಿಯೋ ಉಸಿರಾಟಕ್ಕೆ ಕಷ್ಟವೋ ಆದರೆ ಕಾಯಬೇಡಿ. ತೊಡೆಯ ಹೊರಭಾಗಕ್ಕೆ ಎಪಿಪೆನ್ ಚುಚ್ಚಿ. ಪ್ಯಾಂಟ್ ಮೇಲಿಂದಲೇ ಆಗುತ್ತದೆ. ಆಮೇಲೆ 911. ಬೆನಡ್ರಿಲ್ ಎಂಬ ಅಲರ್ಜಿ ಔಷಧಿ ಕೊಟ್ಟು ನೋಡೋಣ ಅಂತ ಕೂತರೆ ಅಮೂಲ್ಯ ಸಮಯ ಹೋಗುತ್ತದೆ. ಚುಚ್ಚಿದ ಮೇಲೆ ಮಗು ಸರಿಹೋದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆ ಬಿಟ್ಟು ಅದೇ ತೊಂದರೆ ಮತ್ತೆ ಶುರುವಾಗಬಹುದು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಯಾವ ಕ್ಯಾಂಡಿ ತೆಗೆದಿಡಬೇಕು?

ಡಾಕ್ಟರ್: ಜೆಲಾಟಿನ್ ಅಂತ ಬರೆದಿದ್ದರೆ ಬೇಡ. ಅದನ್ನು ಸಾಮಾನ್ಯವಾಗಿ ಹಂದಿ ಅಥವಾ ದನದ ಚರ್ಮ, ಮೂಳೆಯಿಂದ ತೆಗೆಯುತ್ತಾರೆ. ಗಮ್ಮಿ ಕರಡಿಗಳು, ಮಾರ್ಷ್‌ಮ್ಯಾಲೊ, ಕ್ಯಾಂಡಿ ಕಾರ್ನ್, ಇಲ್ಲಿ ಸಿಗುವ ಸ್ಟಾರ್‌ಬರ್ಸ್ಟ್, ಇವುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಮೆರಿಕದಲ್ಲಿ ಪ್ಯಾಕೆಟ್ ಮೇಲೆ ನಮ್ಮೂರಿನ ಹಸಿರು ಚುಕ್ಕೆ ಇರುವುದಿಲ್ಲ, ಓದಿಯೇ ತಿಳಿಯಬೇಕು.

ಪ್ರಶ್ನೆ: ಅಂಗಡಿ ಕ್ಯಾಂಡಿ ಬದಲು ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ, ಚಕ್ಕುಲಿ ಹಂಚಿದರೆ ಹೇಗೆ?

ಡಾಕ್ಟರ್: ನಿಮ್ಮ ಮನಸ್ಸು ದೊಡ್ಡದು, ಆದರೆ ಬೇಡ. ಕಂಪನಿಯ ಕವರ್ ಇಲ್ಲದ್ದನ್ನು ತಿನ್ನಿಸಬೇಡಿ ಅಂತ ಇಲ್ಲಿ ಎಲ್ಲ ಪೋಷಕರಿಗೂ ಹೇಳಿರುತ್ತಾರೆ. ನೀವು ಕಷ್ಟಪಟ್ಟು ಮಾಡಿದ್ದು ಕಸದ ಬುಟ್ಟಿಗೆ ಹೋಗುತ್ತದೆ. ಅಲರ್ಜಿ ಇರುವ ಮಗುವಿಗೆ ಅದರಲ್ಲಿ ಏನಿದೆ ಅಂತ ತಿಳಿಯುವುದೂ ಇಲ್ಲ. ಪರಿಚಯದ ನೆರೆಮನೆಯವರಿಗೆ ದೀಪಾವಳಿ ತಿಂಡಿ ಅಂತ ಬೇರೆ ದಿನ, ಏನೇನು ಹಾಕಿದ್ದೀರಿ ಅಂತ ಹೇಳಿ ಕೊಡಿ.

ಪ್ರಶ್ನೆ (ಕ್ಯಾಲಿಫೋರ್ನಿಯಾ): ನಮ್ಮ ರಾಜ್ಯದಲ್ಲಿ ಗಾಂಜಾ ಕ್ಯಾಂಡಿ ಅಂಗಡಿಯಲ್ಲೇ ಸಿಗುತ್ತದೆ. ಯಾರಾದರೂ ಮಕ್ಕಳ ಚೀಲಕ್ಕೆ ಹಾಕಿಬಿಟ್ಟರೆ?

ಡಾಕ್ಟರ್: ಅದು ದುಬಾರಿ ಸರಕು. ಬೇಕಂತಲೇ ಮಕ್ಕಳ ಚೀಲಕ್ಕೆ ಹಾಕುವವರು ಅಪರೂಪ. ಆದರೆ ಗಾಂಜಾ ತಿಂಡಿಯ ಅಪಾಯ ಸುಳ್ಳಲ್ಲ. ಆರು ವರ್ಷದೊಳಗಿನ ಮಕ್ಕಳು ಇಂಥದ್ದನ್ನು ತಿಂದ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ವರದಿಗಳು 2017ರಲ್ಲಿ 207 ಇದ್ದವು. 2021ರಲ್ಲಿ 3,054 ಆದವು. ಬಹುತೇಕ ಎಲ್ಲವೂ ಮನೆಯಲ್ಲೇ ಆಗಿದ್ದು. ದೊಡ್ಡವರು ಮೇಜಿನ ಮೇಲೆ ಬಿಟ್ಟಿದ್ದನ್ನು ಮಕ್ಕಳು ಕ್ಯಾಂಡಿ ಅಂತ ತಿಂದರು. ಯಾರದಾದರೂ ಮನೆಗೆ ಪಾರ್ಟಿಗೆ ಹೋದರೆ ಇದನ್ನು ಸಂಕೋಚ ಬಿಟ್ಟು ಕೇಳಿ.

ತಿಂದ ತಕ್ಷಣ ಏನೂ ಕಾಣುವುದಿಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ ಮಗು ತೂಕಡಿಸುತ್ತದೆ, ನಡೆಯುವಾಗ ತೂರಾಡುತ್ತದೆ. ಉಸಿರಾಟ ನಿಧಾನವಾಗಬಹುದು. ಅನುಮಾನ ಬಂದರೆ 1-800-222-1222ಕ್ಕೆ ಫೋನ್ ಮಾಡಿ. ಇದು ವಿಷ ಮಾಹಿತಿ ಕೇಂದ್ರದ ನಂಬರ್, ಉಚಿತ, ರಾತ್ರಿ ಹಗಲು ಇರುತ್ತಾರೆ. ಎಬ್ಬಿಸಿದರೂ ಏಳದಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ನೇರ 911. ತಿಂದಿದ್ದನ್ನು ಮುಚ್ಚಿಡದೇ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಸಕ್ಕರೆ ತಿಂದು ಮಕ್ಕಳು ರಾತ್ರಿಯೆಲ್ಲ ಕುಣಿಯುತ್ತಾರಲ್ಲ?

ಡಾಕ್ಟರ್: ಅದು ಸಕ್ಕರೆಯಿಂದಲ್ಲ. ಅನೇಕ ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿ 1995ರಲ್ಲೇ ಇದನ್ನು ತಿಳಿದುಕೊಂಡಿದ್ದಾರೆ. ಹಬ್ಬದ ಗದ್ದಲ, ನಿದ್ದೆಗೆಟ್ಟಿದ್ದು ಸಾಕು ಕುಣಿಯೋಕೆ. ಹಲ್ಲಿನ ಹುಳುಕು ಮಾತ್ರ ನಿಜ. ದಿನವಿಡೀ ಒಂದೊಂದೇ ಚೀಪುವುದಕ್ಕಿಂತ ಊಟದ ಜೊತೆಗೆ ಎರಡು ತಿಂದು ಮುಗಿಸುವುದು ಮೇಲು. ಮಲಗುವ ಮುಂಚೆ ಬ್ರಷ್ ಮಾಡಿಸಿ.

ಪ್ರಶ್ನೆ: 2024ರಲ್ಲಿ ನರಕ ಚತುರ್ದಶಿ, ಹ್ಯಾಲೊವೀನ್ ಒಂದೇ ದಿನ ಬಂದಿತ್ತು. ಮಕ್ಕಳು ಅದೇ ವೇಷದಲ್ಲಿ ಸುರುಸುರು ಬತ್ತಿ ಹಚ್ಚಿದರು. ನೋಡಿ ಭಯವಾಯಿತು.

ಡಾಕ್ಟರ್: ಭಯಪಟ್ಟಿದ್ದು ಸರಿಯೇ. ಜೋಲುವ ತೋಳು, ಹೆಗಲ ಮೇಲಿನ ಬಟ್ಟೆ, ವಿಗ್ಗು, ಎಲ್ಲ ತೆಳು ಸಿಂಥೆಟಿಕ್. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ವೇಷ ಕಳಚಿ, ಹತ್ತಿ ಬಟ್ಟೆ ಹಾಕಿ, ಆಮೇಲೆ ಪಟಾಕಿ. ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದೆಯಾ ಅಂತಲೂ ನೋಡಿ. ಮ್ಯಾಸಚುಸೆಟ್ಸ್‌ನಲ್ಲಿ ಸುರುಸುರು ಬತ್ತಿಯನ್ನೂ ಜನ ಹಚ್ಚುವಂತಿಲ್ಲ. ಹ್ಯಾಲೊವೀನ್‌ಗೆ ಕೊರೆದಿಡುವ ಕುಂಬಳಕಾಯಿ ಒಳಗೆ ಮೇಣದ ಬತ್ತಿ ಬದಲು ಬ್ಯಾಟರಿ ದೀಪ ಇಡಿ. ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಐಸ್ ಯಾವುದೂ ಬೇಡ.

ಪ್ರಶ್ನೆ: ಹನ್ನೊಂದು ವರ್ಷದ ಮಗ ಗೆಳೆಯರ ಜೊತೆ ಹೋಗುತ್ತೇನೆ, ನೀವು ಬರಬೇಡಿ ಅನ್ನುತ್ತಾನೆ.

ಡಾಕ್ಟರ್: ಹನ್ನೆರಡರವರೆಗೆ ಒಬ್ಬ ದೊಡ್ಡವರು ಇರಲೇಬೇಕು. ಅವನ ಮುಜುಗರ ನಿಮಗೂ ಅರ್ಥವಾಗುತ್ತದೆ, ಅಲ್ವಾ? ಇಪ್ಪತ್ತು ಹೆಜ್ಜೆ ಹಿಂದೆ ನಡೆಯಿರಿ, ರಸ್ತೆ ದಾಟುವಾಗ ಮಾತ್ರ ಹತ್ತಿರ ಬನ್ನಿ. ಗೆಳೆಯರ ಅಪ್ಪ ಅಮ್ಮಂದಿರ ಜೊತೆ ಮೊದಲೇ ಮಾತಾಡಿ, ಯಾರು ಜೊತೆಗೆ ಹೋಗುವುದು ಅಂತ ಗೊತ್ತು ಮಾಡಿಕೊಳ್ಳಿ. ನಡೆಯುವಾಗ ಅವನ ಫೋನ್ ಜೇಬಿನಲ್ಲಿರಲಿ. ನಿಮ್ಮದೂ.